ಮರಳುಗಲ್ಲು, ಓಪಲ್ ಮತ್ತು ಫೋಟಾನಿಕ್ ಸ್ಫಟಿಕ: ಒಂದು ಐತಿಹಾಸಿಕ ಅವಲೋಕನ

ಬಾಗಲಕೋಟೆಯಿಂದ ದಕ್ಷಿಣಕ್ಕೆ ಪಯಣಿಸುವವರನ್ನು ಬಾದಾಮಿಯ ಕೆಂಪು ಮರಳುಗಲ್ಲಿನ ಬಂಡೆಗಳು ಎದುರುಗೊಳ್ಳುತ್ತವೆ. ಪೂರ್ವದಲ್ಲಿ ಹುನಗುಂದವನ್ನು ದಾಟಿ ಇಳಕಲ್ಲನ್ನು ಸೇರಿದರೆ ಗುಲಾಬಿ ಛಾಯೆಯ ಗ್ರಾನೈಟು ಕಾಣುತ್ತದೆ. ಬಾದಾಮಿಯ ಕೆಂಪು ಕಬ್ಬಿಣದ ಆಕ್ಸೈಡಿನಿಂದ ಬಂದುದು. ಇಳಕಲ್ಲಿನ ಗುಲಾಬಿ ಫೆಲ್ಡ್‌ಸ್ಪಾರ್ ಖನಿಜದ್ದು. ಇಳಕಲ್ಲಿನ ಸೀರೆಯಲ್ಲಿಯೂ ಬಣ್ಣವು ನೂಲಿಗೆ ಅದ್ದಿದ ದ್ರವ್ಯದ್ದೇ. ಆದರೆ ವರ್ಣದ್ರವ್ಯದ ಲೇಶವೂ ಇಲ್ಲದೆ ಕೇವಲ ರಚನೆಯಿಂದ ಬಣ್ಣ ಹುಟ್ಟುವುದುಂಟು. ಈ ಅರಿವು ಬೆಳೆದ ಬಗೆಯನ್ನು ಇಲ್ಲಿ ಪರಿಶೀಲಿಸಬಯಸುತ್ತೇವೆ. ಅದರಲ್ಲಿ ಕನ್ನಡ ನಾಡಿನ ಪಾಲೂ ಇದೆ.

ಸಮಾನ ಅಂತರದಲ್ಲಿ ಗುಣ ಬದಲಾಗುವ ಮಾಧ್ಯಮವು ಕೆಲವು ತರಂಗಗಳನ್ನು ಒಳಬಿಡದೆ ಹಿಂದಿರುಗಿಸುವುದೆಂದು ಲಾರ್ಡ್ ರ್‍ಯಾಲೆ 1887ರಲ್ಲಿ ತೋರಿಸಿದರು. ಬೆಂಗಳೂರಿನಲ್ಲಿ ಸರ್ ಸಿ. ವಿ. ರಾಮನ್ನರು 1930ರ ದಶಕದಲ್ಲಿ ಚಿಪ್ಪುಗಳ ಹೊಳಪನ್ನು ಅಭ್ಯಸಿಸಿದರು, 1953ರಲ್ಲಿ ಎ. ಜಯರಾಮನ್ನರೊಡನೆ ಓಪಲ್ ರತ್ನವನ್ನು ಕ್ಷಕಿರಣಗಳಿಂದ ಪರೀಕ್ಷಿಸಿದರು. ಕ್ರಿಸ್ಟೊಬಲೈಟಿನ ಎರಡು ರೂಪಗಳು ತೆಳುಪದರಗಳಾಗಿ ಒಂದರಮೇಲೊಂದು ಕುಳಿತಿರುವುದರಿಂದ ಬಣ್ಣ ಹುಟ್ಟುವುದೆಂಬುದು ಅವರ ನಿರ್ಣಯ. 1964ರಲ್ಲಿ ಆಸ್ಟ್ರೇಲಿಯದ ಸ್ಯಾಂಡರ್ಸ್ ಮೊದಲಾದವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಂಡುದು ಪದರಗಳಲ್ಲ, ಒತ್ತಾಗಿ ಜೋಡಿಸಿದ ಸಿಲಿಕ ಗೋಲಿಗಳು.

ಹಾಗೆಂದು ಬೆಂಗಳೂರಿನ ಕಾರ್ಯವನ್ನು ತಪ್ಪೆಂದು ಬದಿಗಿರಿಸುವುದು ನ್ಯಾಯವಲ್ಲ. ಬಣ್ಣದ ಮೂಲವು ಕ್ರಮಬದ್ಧ ಆವರ್ತನೆಯೆಂಬ ಅವರ ತತ್ತ್ವ ಉಳಿದುಕೊಂಡಿತು. ಬಿದ್ದುಹೋದುದು ಘಟಕಗಳ ಚಿತ್ರ ಮಾತ್ರ. ಕ್ಷಕಿರಣಗಳು ಅಣುಗಳ ಜೋಡಣೆಯನ್ನು ತೋರಿಸಿದವು. ಅದಕ್ಕಿಂತ ನೂರಾರು ಪಟ್ಟು ಹಿರಿದಾದ ಗೋಲಿಗಳ ಜೋಡಣೆಗೆ ಬೇರೆಯ ಉಪಕರಣವೇ ಬೇಕಾಗಿದ್ದಿತು.

1968ರಲ್ಲಿ ಸ್ಟೋಬರ್ ಮತ್ತು ಸಂಗಡಿಗರು ಆಲ್ಕೊಹಾಲು, ನೀರು ಹಾಗೂ ಅಮೋನಿಯಗಳಲ್ಲಿ ಸಿಲಿಕೇಟನ್ನು ವಿಭಜಿಸಿ ಒಂದೇ ಗಾತ್ರದ ಗೋಲಿಗಳನ್ನು ಪಡೆವ ಕ್ರಮವನ್ನು ಪ್ರಕಟಿಸಿದರು. ಇವು ದ್ರವದಲ್ಲಿ ಮೆಲ್ಲನೆ ತಳವೂರಿ ಒಣಗಿದರೆ ಕೃತಕ ಓಪಲ್ ಆಗುತ್ತದೆ. 1987ರಲ್ಲಿ ಯಾಬ್ಲೊನೊವಿಚ್ ಮತ್ತು ಸಜೀವ್ ಜಾನ್ ಬೇರೆಬೇರೆಯಾಗಿ ಮಂಡಿಸಿದ ವಿಚಾರಗಳ ಬಳಿಕ ಇಂತಹ ರಚನೆಗಳು ಫೋಟಾನಿಕ್ ಸ್ಫಟಿಕಗಳೆನಿಸಿದುವು.

ಗೋಲಿಗಳು ಒತ್ತಾಗಿ ಕುಳಿತರೂ ನೂರಕ್ಕೆ 26 ಪಾಲು ಎಡೆ ಬರಿದಾಗಿರುತ್ತದೆ. ಅಲ್ಲಿ ಬೇರೊಂದು ವಸ್ತುವನ್ನು ತುಂಬಿದರೆ ಸಂಯುಕ್ತ ಸ್ಫಟಿಕ ಸಿದ್ಧವಾಗುತ್ತದೆ. ವ್ಯಾಸವು 250 ನ್ಯಾನೋಮೀಟರು ಇದ್ದು ಎಡೆಯಲ್ಲಿ ಗಾಳಿಯಿದ್ದರೆ, ನೇರ ನೋಟಕ್ಕೆ ಸುಮಾರು 550 ನ್ಯಾನೋಮೀಟರಿನ ಹಸಿರು ಪ್ರತಿಫಲಿಸುತ್ತದೆ; ನೀರು ತುಂಬಿದರೆ ಅದು 580ರ ಹಳದಿಯತ್ತ ಸರಿಯುತ್ತದೆ. ಸಿಲಿಕದಷ್ಟೇ ವಕ್ರೀಭವನಾಂಕವುಳ್ಳ ದ್ರವವನ್ನು ತುಂಬಿದರೆ ಬಣ್ಣವೇ ಅಳಿಯುತ್ತದೆ. ಟೈಟೇನಿಯವನ್ನು ತುಂಬಿ ಗೋಲಿಗಳನ್ನು ಕರಗಿಸಿದಲ್ಲಿ ವಿಲೋಮ ಓಪಲ್ ಉಳಿಯುತ್ತದೆ.

ಬಾದಾಮಿಯ ಬಂಡೆಯೂ ಬಹುಮಟ್ಟಿಗೆ ಸಿಲಿಕವೇ. ಅದರ ಕಣಗಳು ಓಪಲ್ ಗೋಲಿಗಳಿಗಿಂತ ಸಾವಿರ ಪಟ್ಟು ಹಿರಿದು. ಗಾತ್ರದಲ್ಲಿ ಸಮವಲ್ಲ, ಜೋಡಣೆಯಲ್ಲಿ ಕ್ರಮವಿಲ್ಲ. ಆದುದರಿಂದಲೇ ಚಾಲುಕ್ಯರ ಗುಹೆಗಳ ಗೋಡೆಯಲ್ಲಿ ಓಪಲಿನ ಬಣ್ಣದಾಟವಿಲ್ಲ. ಬಣ್ಣವನ್ನು ಅರಿಯುವುದಕ್ಕೆ ವಸ್ತು ಯಾವುದೆಂದು ಕೇಳಿದರೆ ಸಾಲದು, ಅದು ಹೇಗೆ ಜೋಡಣೆಗೊಂಡಿದೆಯೆಂದೂ ಕೇಳಬೇಕು. ಆ ಪ್ರಶ್ನೆಯನ್ನು ಬೆಂಗಳೂರಿನವರು 1953ರಲ್ಲಿಯೇ ಸರಿಯಾಗಿ ಕೇಳಿದ್ದರೆಂಬುದು ನಮ್ಮ ಅಭಿಪ್ರಾಯ.