ಸಂಘವನ್ನೂ ಒಳಗೆ ನೋಡೋಣ



"ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು" ಅನ್ನೋ ಮಾತನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳಿಕೊಂಡೇ ಬೆಳೆದವರು. ಮರುಳಸಿದ್ಧೇಶ್ವರ ಸ್ವಾಮಿಯ ಗುಡಿಯ ಒಳಗಿನ ಕೆತ್ತನೆ ಕಂಡವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಬೆಳ್ಳಿಹಬ್ಬದ ಈ ಶುಭ ಸಂದರ್ಭದಲ್ಲಿ ಅದೇ ಮಾತನ್ನು ನಮ್ಮ ಸಂಘಕ್ಕೂ ಹಚ್ಚಿ ನೋಡೋಣ ಅನ್ನಿಸಿತು. ಕಟ್ಟಡ, ಗೋದಾಮು, ಠೇವಣಿ ಇವು ಹೊರಗೆ ಕಾಣುವಂಥವು. ಮುಂದಾಳು ಹೇಗೆ ನಡೆದುಕೊಳ್ಳುತ್ತಾನೆ, ನೌಕರನನ್ನು ಹೇಗೆ ಆರಿಸುತ್ತೇವೆ, ಸಾಲಕ್ಕೆ ಬಂದ ರೈತನನ್ನು ಹೇಗೆ ಮಾತಾಡಿಸುತ್ತೇವೆ ಇವು ಒಳಗಿನವು. ಸಹಕಾರದ ಚರಿತ್ರೆ ನೋಡಿದರೆ ಸಂಘಗಳು ಗಟ್ಟಿಯಾಗಿದ್ದೂ ಸೊರಗಿದ್ದೂ ಬಹುಪಾಲು ಒಳಗಿನ ಕಾರಣದಿಂದಲೇ.

ನಮ್ಮ ಸೀಮೆ 1953ರ ತನಕ ಮದ್ರಾಸಿನ ಆಡಳಿತದಲ್ಲಿತ್ತು. ಆ ಮದ್ರಾಸು ಸರ್ಕಾರವೇ 1892ರಲ್ಲಿ ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿಯನ್ನು ಯುರೋಪಿನ ರೈತ ಬ್ಯಾಂಕುಗಳನ್ನು ಅಭ್ಯಾಸ ಮಾಡಲು ನೇಮಿಸಿತು. 1895ರಲ್ಲಿ ಬಂದ ಅವರ ದೊಡ್ಡ ವರದಿಯ ತಿರುಳು ಹಣದ ಮಾತಲ್ಲ, ಮನುಷ್ಯನ ಮಾತು. ಜರ್ಮನಿಯ ರೈಫೈಸನ್‌ನಂಥವರನ್ನು ಮೊದಲು ಹುಡುಕಬೇಕು, ಉಳಿದದ್ದು ಆಮೇಲೆ ಅಂತ.

ಯಾರೀ ರೈಫೈಸನ್? ಹಳ್ಳಿಗಾಡಿನಲ್ಲಿ ಮೇಯರ್ ಆಗಿದ್ದವರು. 1846-47ರ ಬರಗಾಲದ ಚಳಿಯಲ್ಲಿ ಬಡವರಿಗೆ ರೊಟ್ಟಿ ಒದಗಿಸಿದವರು. ಉಳ್ಳವರ ದಾನದಿಂದ ನಡೆಯುವ ಸಂಘ ಬಹಳ ದಿನ ಬಾಳದು ಅಂತ ಅನುಭವದಿಂದ ತಿಳಿದು, 1864ರಲ್ಲಿ ಹೆಡ್ಡೆಸ್‌ಡಾರ್ಫ್‌ನಲ್ಲಿ ರೈತರೇ ಕೂಡಿ ನಡೆಸುವ ಸಾಲದ ಸಂಘ ಕಟ್ಟಿದರು. ಅವರ ಕಟ್ಟಳೆ ಸರಳ. ಒಬ್ಬರನ್ನೊಬ್ಬರು ಬಲ್ಲಷ್ಟು ಸಣ್ಣ ಸೀಮೆ ಇರಬೇಕು. ಸಮಿತಿಯವರಿಗೆ ಸಂಬಳವಿಲ್ಲ. ಸಂಬಳ ಲೆಕ್ಕಿಗನಿಗೆ ಮಾತ್ರ, ಆದರೆ ಯಾರಿಗೆ ಸಾಲ ಕೊಡಬೇಕು ಅನ್ನೋದರಲ್ಲಿ ಅವನ ಮಾತು ನಡೆಯದು. ಅಧಿಕಾರವೂ ಹಣದ ಪೆಟ್ಟಿಗೆಯೂ ಒಂದೇ ಕೈಯಲ್ಲಿ ಇರಬಾರದೆಂಬ ತಿಳಿವಳಿಕೆ ಇದರಲ್ಲಿದೆ.

1904ರಲ್ಲಿ ಸಹಕಾರ ಕಾಯ್ದೆ ಬಂತು. 1905ರಲ್ಲೇ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿ ಕನ್ನಡ ನಾಡಿನ ಸಹಕಾರಕ್ಕೆ ನಾಂದಿ ಹಾಡಿದರು. ಆದರೆ ಅಂಥ ಮುಂದಾಳು ಪ್ರತಿ ಊರಿಗೂ ಸಿಗಲಿಲ್ಲ. 1951-52ರಲ್ಲಿ ದೇಶದಾದ್ಯಂತ ನಡೆದ ಗ್ರಾಮೀಣ ಸಾಲದ ಸಮೀಕ್ಷೆಯಲ್ಲಿ, ರೈತ ಪಡೆದ ಸಾಲದಲ್ಲಿ ಸಹಕಾರ ಸಂಘಗಳ ಪಾಲು ನೂರಕ್ಕೆ ಬರೀ ಮೂರರಷ್ಟು ಅಂತ ಗೊತ್ತಾಯಿತು. ಬಂಡವಾಳದ ಕೊರತೆ ಒಂದೇ ಕಾರಣ ಆಗಿರಲಿಲ್ಲ, ಊರಿನ ಬಲಾಢ್ಯರ ಹಿಡಿತವೂ ಕಾರಣವಾಗಿತ್ತು. 1959ರ ನಮ್ಮ ರಾಜ್ಯದ ಸಹಕಾರ ಕಾಯ್ದೆಯಲ್ಲಿ ಷೇರು ಎಷ್ಟೇ ಇರಲಿ, ಸದಸ್ಯನಿಗೆ ಒಂದೇ ಮತ. ಕಾಯ್ದೆ ಮತ ಕೊಟ್ಟೀತು, ಮನಸ್ಸು ಕೊಡಲಾರದು.

ಆ ಮನಸ್ಸನ್ನು ಅರಿಯುವ ಶಾಸ್ತ್ರವೂ ಬೆಳೆದಿದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಷ್ಟು ಹಿಂದೆಯೇ ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಮನಃಶಾಸ್ತ್ರ ವಿಭಾಗ ಶುರುವಾಯಿತು. ಅಮೆರಿಕದಲ್ಲಿ 1930ರ ದಶಕದ ಕೊನೆಗೆ ಕರ್ಟ್ ಲೆವಿನ್ ಮತ್ತು ಸಂಗಡಿಗರು ಹತ್ತು ವರ್ಷದ ಹುಡುಗರ ಗುಂಪುಗಳನ್ನು ಕಟ್ಟಿ ಮುಖವಾಡ ಮಾಡುವಂಥ ಕೆಲಸ ಕೊಟ್ಟು ನೋಡಿದರು. ಒಬ್ಬ ಮುಂದಾಳು ಬರೀ ಹುಕುಂ ಮಾಡುವವ, ಇನ್ನೊಬ್ಬ ಕೂಡಿ ಮಾತಾಡಿ ನಿರ್ಧರಿಸುವವ, ಮತ್ತೊಬ್ಬ ಏನಾದರೂ ಮಾಡಿಕೊಳ್ಳಲಿ ಅಂತ ಕೈಬಿಟ್ಟವ. ಹುಕುಂ ಮಾಡುವವನು ಕೋಣೆಯಿಂದ ಹೊರಗೆ ಹೋದ ಕೂಡಲೇ ಅವನ ಗುಂಪಿನ ಕೆಲಸ ಕುಸಿಯಿತು. ಕೂಡಿ ಮಾತಾಡಿದ ಗುಂಪಿನಲ್ಲಿ ಮುಂದಾಳು ಇಲ್ಲದಾಗಲೂ ಕೆಲಸ ಹೆಚ್ಚುಕಮ್ಮಿ ಹಾಗೇ ಸಾಗಿತು. ಕೈಬಿಟ್ಟ ಗುಂಪಿನಲ್ಲಿ ಕೆಲಸವೇ ಕಮ್ಮಿ. ನಮ್ಮ ಹಿರಿಯರಿಗೆ ಇದು ಹೊಸದಲ್ಲ. ಯಜಮಾನ ಹೊಲದಲ್ಲಿ ಇಲ್ಲದಾಗ ಆಳು ಹೇಗೆ ಕೆಲಸ ಮಾಡ್ತಾನೆ ಅನ್ನೋದರ ಮೇಲೆ ಯಜಮಾನ ಎಂಥವ ಅಂತ ಅವರು ಹೇಳಿಬಿಡುತ್ತಿದ್ದರು.

ಇನ್ನು ನಮ್ಮ ಮನೆಯ ಮಾತು. ಹಬ್ಬದ ದಿನ ಹೊಗಳಿಕೆ ಒಂದನ್ನೇ ಬರೆದರೆ ಒಳಗೆ ನೋಡಿದಂತಾಗದು. ಹಿಂದೊಮ್ಮೆ ಗುಮಾಸ್ತನ ಜಾಗ ಖಾಲಿ ಬಿದ್ದಾಗ "ನಮ್ಮ ಹುಡುಗ, ನಿಮ್ಮ ಹುಡುಗ" ಅಂತ ನಾವೇ ಎಳೆದಾಡಿದೆವು. ಮುಂಗಾರು ಬಂದರೂ ಕುರ್ಚಿ ಖಾಲಿ. ಬೀಜ, ಗೊಬ್ಬರಕ್ಕೆ ಬಂದ ರೈತರು ಎರಡೆರಡು ಸಲ ಬರಿಗೈಲಿ ತಿರುಗಿದರು. ಕೊನೆಗೆ ಬಂದ ಹುಡುಗ ಲೆಕ್ಕದಲ್ಲಿ ಚುರುಕು, ನಡತೆಯಲ್ಲಿ ಒಳ್ಳೆಯವ. ಆದರೆ ಅವನು ಇಂಥವರ ಕಡೆಯವ ಅಂತ ಮೊದಲ ದಿನವೇ ಹೆಸರಾಗಿಬಿಟ್ಟಿತ್ತು. ಅರ್ಧ ಮಂದಿ ಅವನ ಮುಂದೆ ಮಾತು ನಿಲ್ಲಿಸಿದರು. ಎರಡು ವರ್ಷಕ್ಕೆ ಬಿಟ್ಟು ಹೋದ. ತಪ್ಪು ಅವನದಲ್ಲ, ನಮ್ಮದು.

ಈಗ ಕಾರ್ಯದರ್ಶಿಗಳ ನಿವೃತ್ತಿ ಹತ್ತಿರ ಬಂದಿದೆ. ಮತ್ತೆ ಅದೇ ಪರೀಕ್ಷೆ ನಮ್ಮ ಮುಂದಿದೆ. ಜಾಗ ಖಾಲಿ ಇರುವುದನ್ನು ಬೋರ್ಡಿನ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯೋಣ. ಅರ್ಜಿ ಹಾಕಿದವರಿಂದ ಒಂದು ದಿನದ ಲೆಕ್ಕ ಬರೆಸಿ ನೋಡೋಣ, ಒಬ್ಬ ರೈತರೊಂದಿಗೆ ಮಾತಾಡಿಸಿ ನೋಡೋಣ. "ನಾಳೆ ಬಾ" ಅನ್ನುವವ ಯಾರು, "ಬರ್ರಿ, ಕುಂದ್ರಿ" ಅನ್ನುವವ ಯಾರು ಅಂತ ಅಲ್ಲೇ ಗೊತ್ತಾಗುತ್ತದೆ. ಸಂಬಂಧಿಕರು ಅರ್ಜಿ ಹಾಕಿದ್ದರೆ ಆ ನಿರ್ದೇಶಕರು ಅಂದಿನ ಸಭೆಯಿಂದ ತಾವಾಗೇ ಎದ್ದು ಹೊರಗಿರಲಿ. ಈಗಿನ ಕಾರ್ಯದರ್ಶಿಗಳು ಇರುವಾಗಲೇ ಇನ್ನೊಬ್ಬರು ಪಕ್ಕದಲ್ಲಿ ಕೂತು ಕೆಲಸ ಕಲಿಯಲಿ.

ಪ್ರತಿ ವರ್ಷ ನಮ್ಮ ಸ್ವಾಮಿಯ ಗುಡಿಯ ಶಿಖರಕ್ಕೆ ತೈಲಾಭಿಷೇಕ ಆಗುವುದನ್ನು ಎಲ್ಲರೂ ನಿಂತು ನೋಡುತ್ತೇವೆ. ಮೇಲೆ ಎರೆದ ಎಣ್ಣೆ ಕೆಳಗಿನ ಕಲ್ಲಿಗೂ ಇಳಿದು ಬರುತ್ತದೆ. ಸಂಘದಲ್ಲೂ ಹಾಗೇ. ಮೇಲಿನವರ ನಡತೆ ಒಳ್ಳೆಯದಿರಲಿ, ಕೆಟ್ಟದ್ದಿರಲಿ, ಕಟ್ಟಕಡೆಯ ಸದಸ್ಯನ ತನಕ ಇಳಿಯುತ್ತದೆ. ಮುಂದಿನ ಇಪ್ಪತ್ತೈದು ವರ್ಷ ಒಳ್ಳೆಯದೇ ಇಳಿಯಲಿ ಎಂದು ಸ್ವಾಮಿಯಲ್ಲಿ ಬೇಡುತ್ತೇವೆ.