ಹಣೆಬರಹವೋ, ಬೆಳವಣಿಗೆಯೋ?



ಮೂರು ದಶಕಗಳ ಅಧ್ಯಾಪನ ವೃತ್ತಿಯಲ್ಲಿ ಪೋಷಕರ ಬಾಯಿಂದ ನಾನು ಅತಿ ಹೆಚ್ಚು ಕೇಳಿದ ಮಾತು ಒಂದೇ: "ಅವನ ಗುಣನೇ ಅಷ್ಟು ಸಾರ್, ಹಣೆಬರಹ." ಸಿರುಗುಪ್ಪದ ಭತ್ತದ ರೈತರೂ ಹೀಗೆಯೇ ಹೇಳುತ್ತಿದ್ದರು, ಬಳ್ಳಾರಿಯ ವರ್ತಕರೂ ಹೀಗೆಯೇ ಹೇಳುತ್ತಿದ್ದರು. ಮನುಷ್ಯನ ವ್ಯಕ್ತಿತ್ವವು ಹುಟ್ಟಿನಲ್ಲೇ ಬರೆದಿಟ್ಟದ್ದೋ, ಬದುಕಿನಲ್ಲಿ ರೂಪುಗೊಳ್ಳುವಂಥದ್ದೋ? ಈ ಪ್ರಶ್ನೆಯನ್ನು ಧರ್ಮವೂ ಕೇಳಿಕೊಂಡಿದೆ, ಮನಶ್ಶಾಸ್ತ್ರವೂ ಕೇಳಿಕೊಂಡಿದೆ. ಎರಡೂ ಮನುಷ್ಯನಿಗೆ ಹಣೆಪಟ್ಟಿ ಕಟ್ಟಿದ್ದುಂಟು. ಎರಡೂ ಅದನ್ನು ಬಿಚ್ಚಿದ್ದೂ ಉಂಟು. ಈ ಇತಿಹಾಸದಲ್ಲಿ ನಮ್ಮ ಜಿಲ್ಲೆಗೂ ಒಂದು ಪಾಲಿದೆ.

ಮೊದಲು ಧರ್ಮದ ಮಾತು. ಹುಟ್ಟಿದ ಕುಲವೇ ಗುಣವನ್ನು ನಿರ್ಧರಿಸುತ್ತದೆಂಬ ನಂಬಿಕೆ ಬೇರೂರಿದ್ದ ಕಾಲದಲ್ಲಿ, 12ನೆಯ ಶತಮಾನದ ಶರಣರು ಅದನ್ನು ಪ್ರಶ್ನಿಸಿದರು. ನಮ್ಮ ಕುರುಗೋಡು ಸಿಂದ ಅರಸರ ರಾಜಧಾನಿಯಾಗಿದ್ದ ಶತಮಾನವೂ ಅದೇ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳನ್ನು ಅವರು ಸಾಧನೆಯ ಮೆಟ್ಟಿಲುಗಳಾಗಿ ಕಂಡರು. ಶ್ರದ್ಧೆಯಿಂದ ಮೊದಲಾಗಿ ನಿಷ್ಠೆ, ಅವಧಾನ, ಅನುಭಾವ, ಆನಂದಗಳನ್ನು ದಾಟಿ ಸಮರಸದಲ್ಲಿ ಕೊನೆಗೊಳ್ಳುವ ಪಯಣವಿದು. ಮುಂದೆ 15ನೆಯ ಶತಮಾನದಲ್ಲಿ, ಪ್ರೌಢದೇವರಾಯನ ಆಳ್ವಿಕೆಯ ವಿಜಯನಗರದಲ್ಲಿ, ಲಕ್ಕಣ್ಣ ದಂಡೇಶ, ಜಕ್ಕಣಾರ್ಯ ಮೊದಲಾದವರು ಈ ಪರಂಪರೆಯ ತತ್ತ್ವವನ್ನು ಗ್ರಂಥಗಳಲ್ಲಿ ಕ್ರೋಡೀಕರಿಸಿದರು. ಆ ಹಂಪೆ 2021ರವರೆಗೂ ನಮ್ಮ ಜಿಲ್ಲೆಯಲ್ಲೇ ಇತ್ತೆಂಬುದನ್ನು ನೆನಪಿಸಬೇಕಾಗಿಲ್ಲ.

ಇನ್ನು ಮನಶ್ಶಾಸ್ತ್ರ. ಎರಿಕ್ ಎರಿಕ್‌ಸನ್ 1950ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ, ಶೈಶವದಿಂದ ವೃದ್ಧಾಪ್ಯದವರೆಗೆ ವ್ಯಕ್ತಿತ್ವವು ಎಂಟು ಹಂತಗಳಲ್ಲಿ ಬೆಳೆಯುತ್ತದೆಂದು ವಿವರಿಸಿದರು. ಅವರ ಮೊದಲ ಹಂತವೇ ನಂಬಿಕೆ: ತಾಯಿಯ ಮಡಿಲಲ್ಲಿ ಕೂಸಿಗೆ ಜಗತ್ತಿನ ಬಗ್ಗೆ ವಿಶ್ವಾಸ ಮೂಡುವುದು. ಬಿ.ಎಡ್. ಓದುವಾಗ ಇದನ್ನು ಕಂಡು ನನಗೆ ಷಟ್‌ಸ್ಥಲದ ಶ್ರದ್ಧೆ ನೆನಪಾಗಿತ್ತು. ಆದರೆ ಎರಡೂ ಒಂದೇ ಎನ್ನುವುದು ಸರಿಯಲ್ಲ. ಎರಿಕ್‌ಸನ್ನರ ಹಂತಗಳು ವಯಸ್ಸಿನೊಂದಿಗೆ ತಾವಾಗಿ ಎದುರಾಗುತ್ತವೆ. ಶರಣರ ಸ್ಥಲಗಳನ್ನು ಸಾಧಕನೇ ಏರಬೇಕು. ಒಂದು ಶಾಸ್ತ್ರ 'ನೀನು ಹೀಗೇಕೆ ಆದೆ?' ಎಂದು ಕೇಳಿದರೆ, ಮತ್ತೊಂದು 'ನೀನು ಏನಾಗಬೇಕು?' ಎಂದು ಕೇಳುತ್ತದೆ.

ಮನಶ್ಶಾಸ್ತ್ರವೂ ಹಣೆಪಟ್ಟಿ ಕಟ್ಟಿದ್ದುಂಟು ಎಂದೆನಲ್ಲ. ಫ್ರಾನ್ಸಿನ ಆಲ್ಫ್ರೆಡ್ ಬಿನೆ 1905ರಲ್ಲಿ ಬುದ್ಧಿಮಾಪನ ಪರೀಕ್ಷೆಯನ್ನು ರೂಪಿಸಿದ್ದು, ಕಲಿಕೆಯಲ್ಲಿ ಹಿಂದುಳಿದ ಮಕ್ಕಳನ್ನು ಗುರುತಿಸಿ ನೆರವಾಗಲೆಂದು. ಬುದ್ಧಿಯೆಂಬುದು ಹೆಚ್ಚಿಸಲಾಗದ ಮೊತ್ತವೆಂಬ ವಾದವನ್ನು 1909ರಲ್ಲಿ ಅವರು ಬಲವಾಗಿ ಖಂಡಿಸಿದರು. ಆದರೂ ಅವರ ನಂತರ ಅದೇ ಪರೀಕ್ಷೆ ಅಮೆರಿಕದಲ್ಲಿ ಮನುಷ್ಯರನ್ನು ಮೇಲು ಕೀಳೆಂದು ವಿಂಗಡಿಸುವ ಸಾಧನವಾಯಿತು. ಅದನ್ನು ವಿ. ವಿ. ಕಾಮತರು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿ 1934ರಲ್ಲಿ ಪ್ರಕಟಿಸಿದರು. ಸಾಧನ ಒಂದೇ, ಅದು ಊರುಗೋಲಾಗುವುದೋ ಸಂಕೋಲೆಯಾಗುವುದೋ ಹಿಡಿದವರ ಕೈಯಲ್ಲಿದೆ.

ಈಗ ನಮ್ಮ ಜಿಲ್ಲೆಗೆ ಬರೋಣ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾದ ಮೇಲೆ, ಅದನ್ನು ಹಳ್ಳಿಗಳಿಗೆ ತಲುಪಿಸುವ ಪ್ರಯೋಗಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಆರಿಸಿಕೊಂಡದ್ದು ಬಳ್ಳಾರಿಯನ್ನು. 1985ರಿಂದ ಸುಮಾರು ಐದು ವರ್ಷ ಇಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ನೀಡಿ, ತೀವ್ರ ಮನೋರೋಗ, ಖಿನ್ನತೆ, ಮೂರ್ಛೆರೋಗಗಳಿಗೆ ಊರ ಬಳಿಯೇ ಚಿಕಿತ್ಸೆ ಸಿಗುವಂತೆ ಮಾಡಲಾಯಿತು. 'ಬಳ್ಳಾರಿ ಮಾದರಿ' ಎಂದೇ ಹೆಸರಾದ ಇದರ ಆಧಾರದ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದ ಮಟ್ಟದಲ್ಲಿ ಜಾರಿಗೆ ಬಂತು. ದೂಳು, ಬಿಸಿಲು, ಗಣಿಗಳಿಗೆ ಮಾತ್ರ ಹೆಸರಾದ ನಮ್ಮೂರಿಗೆ ಇದು ಸಣ್ಣ ಹೆಮ್ಮೆಯಲ್ಲ.

ಆ ದಿನಗಳಲ್ಲಿ ಸಿರುಗುಪ್ಪ ಕಡೆಯ ಶಾಲೆಯೊಂದರಲ್ಲಿ ನನಗೊಬ್ಬ ವಿದ್ಯಾರ್ಥಿಯಿದ್ದ. ಅವನಿಗೆ ಆಗಾಗ್ಗೆ ಮೂರ್ಛೆ ಬರುತ್ತಿತ್ತು. 'ಗಾಳಿ ಸೋಕಿದೆ' ಎಂದು ಓಣಿಯವರು, 'ಮಂಕ' ಎಂದು ಸಹಪಾಠಿಗಳು. ಹೀಗಾಗಿ ಅವನು ಯಾರೊಡನೆಯೂ ಮಾತನಾಡದ ಅಂಜುಬುರುಕನಾಗಿದ್ದ. ಅದೇ ಅವನ ಸ್ವಭಾವವೆಂದು ಎಲ್ಲರೂ ತಿಳಿದಿದ್ದರು. ಆರೋಗ್ಯ ಕೇಂದ್ರದ ಮಾತ್ರೆ ಆರಂಭವಾದ ಕೆಲವು ತಿಂಗಳಲ್ಲಿ ಮೂರ್ಛೆ ನಿಂತಿತು. ವರ್ಷ ಕಳೆಯುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಪ್ರಶ್ನೆ ಕೇಳುವ ಹುಡುಗನಾದ. ಅವನ ತಾಯಿ ಒಮ್ಮೆ ಹೇಳಿದರು: "ದೇವರಿಗೆ ಹರಕೆ ಹೊತ್ತೀನಿ ಸಾರ್, ಗುಳಿಗೀನೂ ಒಂದಿನ ತಪ್ಪಿಸಿಲ್ಲ."

ಆ ತಾಯಿ ಎರಡನ್ನೂ ಅವುಗಳ ಜಾಗದಲ್ಲಿಟ್ಟಿದ್ದರು. ರೋಗವನ್ನು ತಡೆದದ್ದು ಔಷಧ. ಔಷಧವನ್ನು ಬಿಡದೆ ಕೊಡುವ ತಾಳ್ಮೆಯನ್ನು ಅವರಿಗೆ ಕೊಟ್ಟದ್ದು ಶ್ರದ್ಧೆ. ಹರಕೆಯನ್ನೇ ನಂಬಿ ಮಾತ್ರೆ ನಿಲ್ಲಿಸಿದ್ದರೆ ಆ ಹುಡುಗ ಮಂಕನಾಗಿಯೇ ಉಳಿಯುತ್ತಿದ್ದ. ನಾವು 'ಸ್ವಭಾವ' ಎಂದು ಕರೆದದ್ದು ರೋಗದ, ಅವಮಾನದ ನೆರಳಾಗಿತ್ತು.

ನಿಮ್ಮಲ್ಲಿ ಅನೇಕರು ಈಗ ತಾಯ್ತಂದೆಯರು. ಕೆಲವರು ನನ್ನಂತೆಯೇ ಶಿಕ್ಷಕರು. ಮಗುವಿನ ಬಗ್ಗೆ 'ಇವನು ಇಷ್ಟೇ' ಎಂಬ ಮಾತು ನಾಲಿಗೆಯ ತುದಿಗೆ ಬಂದಾಗ ಒಂದು ಕ್ಷಣ ತಡೆಯಿರಿ. ಶರಣರ ಆರು ಸ್ಥಲಗಳಾಗಲಿ ಎರಿಕ್‌ಸನ್ನರ ಎಂಟು ಹಂತಗಳಾಗಲಿ, ಮೊದಲನೆಯ ಮೆಟ್ಟಿಲನ್ನೇ ಕೊನೆಯದೆಂದು ಹೇಳುವುದಿಲ್ಲ.

ಇಂತಿ ನಿಮ್ಮ ಮೇಷ್ಟ್ರು