ಕಾಶಿಕಣಗಿಲೆಯಲ್ಲಿ ಸಿಕ್ಕ ಕ್ಯಾನ್ಸರ್ ಮದ್ದು

ಕಿಬ್ಬನಹಳ್ಳಿಯ ಆಸುಪಾಸಿನ ಮನೆಯಂಗಳಗಳಲ್ಲಿ ವರ್ಷವಿಡೀ ಅರಳುವ ಐದೆಸಳಿನ ಕಾಶಿಕಣಗಿಲೆ (ನಿತ್ಯಪುಷ್ಪ) ಹೂವನ್ನು ನೀವು ನೋಡಿರುತ್ತೀರಿ. ಈ ಗಿಡದ ತವರು ಮಡಗಾಸ್ಕರ್ ದ್ವೀಪ.

ಜಮೈಕಾದಲ್ಲಿ ಇದರ ಎಲೆಯ ಕಷಾಯವನ್ನು ಸಕ್ಕರೆ ಕಾಯಿಲೆಗೆ ಕುಡಿಯುತ್ತಿದ್ದರು. 1950ರ ದಶಕದಲ್ಲಿ ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಎಲೆಯ ಸಾರವನ್ನು ಇಲಿಗಳಿಗೆ ಕೊಟ್ಟು ಪರೀಕ್ಷಿಸಿದರು. ರಕ್ತದ ಸಕ್ಕರೆ ಇಳಿಯಲಿಲ್ಲ. ಆದರೆ ಸಾರವನ್ನು ಚುಚ್ಚಿದ ಇಲಿಗಳಲ್ಲಿ ಬಿಳಿ ರಕ್ತಕಣಗಳು ಕುಸಿದಿದ್ದವು! ಹಾಗಾದರೆ, ರಕ್ತದ ಕ್ಯಾನ್ಸರಿನಲ್ಲಿ ಮಿತಿಮೀರಿ ಹೆಚ್ಚುವ ಬಿಳಿಕಣಗಳನ್ನೂ ಇದು ತಡೆಯಬಹುದಲ್ಲವೇ? ಈ ಜಾಡು ಹಿಡಿದ ಅವರು, ವಿನ್‌ಬ್ಲಾಸ್ಟಿನ್ ಎಂಬ ಆಲ್ಕಲಾಯ್ಡನ್ನು ಬೇರ್ಪಡಿಸಿದ ವಿವರವನ್ನು 1958ರಲ್ಲಿ ಪ್ರಕಟಿಸಿದರು. ಅಮೆರಿಕದ ಎಲಿ ಲಿಲ್ಲಿ ಕಂಪನಿಯ ಸಂಶೋಧಕರು ಇದೇ ಗಿಡದಿಂದ ಪಡೆದ ವಿನ್‌ಕ್ರಿಸ್ಟಿನ್‌ಗೆ 1963ರಲ್ಲಿ ಅಲ್ಲಿ ಅನುಮತಿ ದೊರೆಯಿತು. ಮಕ್ಕಳ ರಕ್ತ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಇಂದಿಗೂ ಅದು ಮುಖ್ಯ ಔಷಧ.

ಕೋಶ ಒಡೆದು ಎರಡಾಗುವಾಗ ಟ್ಯೂಬ್ಯುಲಿನ್ ಎಂಬ ಪ್ರೋಟೀನಿನ ಎಳೆಗಳು ವರ್ಣತಂತುಗಳನ್ನು ಎರಡು ಬದಿಗೆ ಎಳೆಯುತ್ತವೆ. ಈ ಆಲ್ಕಲಾಯ್ಡ್‌ಗಳು ಟ್ಯೂಬ್ಯುಲಿನ್‌ಗೆ ಅಂಟಿಕೊಂಡು ಎಳೆ ಕಟ್ಟಲು ಬಿಡುವುದಿಲ್ಲ. ವಿಭಜನೆ ಅಲ್ಲಿಗೇ ನಿಲ್ಲುತ್ತದೆ.

ಹಾಗೆಂದು ಎಲೆ ಕುದಿಸಿ ಕುಡಿಯಬಹುದೇ? ಕೂಡದು. ಎಲೆಯಲ್ಲಿ ಈ ಮದ್ದು ಅತ್ಯಲ್ಪ. ಜೊತೆಗಿರುವ ಇತರ ಆಲ್ಕಲಾಯ್ಡ್‌ಗಳು ವಿಷಕಾರಿ. ವಿನ್‌ಕ್ರಿಸ್ಟಿನನ್ನು ವಯಸ್ಕರಿಗೂ ಒಂದು ಸಲಕ್ಕೆ ಸಾಮಾನ್ಯವಾಗಿ 2 ಮಿಲಿಗ್ರಾಂ ಮೀರದಂತೆ, ರಕ್ತನಾಳಕ್ಕೇ ಕೊಡುತ್ತಾರೆ. ಅಳತೆ ತಪ್ಪಿದರೆ ಮದ್ದೇ ವಿಷ. ಆಸ್ಪತ್ರೆ ಬಿಟ್ಟು ಕಷಾಯವನ್ನು ನಂಬಿದ ರೋಗಿ ಕಳೆದುಕೊಳ್ಳುವುದು ಗುಣವಾಗಬಹುದಾದ ಕಾಲವನ್ನು. ತರಗತಿಯಲ್ಲಿ ಈ ಹೂವನ್ನು ತೋರಿಸುವಾಗ ಇದನ್ನೂ ಹೇಳಿ.